ಹೊಗೆಯಲ್ಲಿ ಉಳಿದ ಆಮ್ಲಜನಕ

ಕಾರಿನ ಡ್ಯಾಶ್‌ಬೋರ್ಡಿಗೆ ಹೊರಗಿನಿಂದ ತಂದು ಕೂರಿಸುವ ಗಾಳಿ-ಇಂಧನ ಅನುಪಾತದ ಮೀಟರ್ ಗಾಳಿಯನ್ನೂ ಅಳೆಯುವುದಿಲ್ಲ, ಇಂಧನವನ್ನೂ ಅಳೆಯುವುದಿಲ್ಲ. ಎಂಜಿನ್ನಿನಿಂದ ಹೊರಬೀಳುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ, ಇಲ್ಲವೇ ಉರಿಯದೆ ಬಂದ ಇಂಧನ ಪೂರ್ತಿ ಸುಡಲು ಇನ್ನೆಷ್ಟು ಬೇಕಿತ್ತು ಎಂಬುದಷ್ಟೇ ಅದರ ಸೆನ್ಸರಿಗೆ ತಿಳಿಯುತ್ತದೆ. ಅದನ್ನು ಹಿಡಿದು ಒಳಗೆ ಹೋದ ಮಿಶ್ರಣ ಹೇಗಿತ್ತೆಂದು ಮೀಟರ್ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಉಂಡೆದ್ದ ಎಲೆಯಲ್ಲಿ ಉಳಿದದ್ದನ್ನು ನೋಡಿ ಬಡಿಸಿದ್ದೆಷ್ಟು ಎಂದು ಹೇಳುವಂಥ ಕೆಲಸ ಇದು. ಮೀಟರ್ ವಿಚಿತ್ರ ಅಂಕಿ ತೋರಿಸಿದಾಗ ಮೊದಲು ಕೇಳಬೇಕಾದ ಪ್ರಶ್ನೆಯೂ ಇಲ್ಲೇ ಇದೆ: ಸೆನ್ಸರ್ ಕಂಡ ಆಮ್ಲಜನಕ ಎಲ್ಲಿಂದ ಬಂತು?

ಪುಣೆಯಲ್ಲಿ ಇಂಥ ಮೀಟರ್ ಹಾಕಿಸುವವರು ಮುಖ್ಯವಾಗಿ ಮೂರು ಬಗೆಯವರು. ಕಾರ್ಬುರೇಟರಿನ ಹಳೆಯ ಮಾರುತಿ 800, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಜೀಪುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಜೆಟ್ ಬದಲಿಸುವಾಗ ಇದನ್ನು ನೋಡುತ್ತಾರೆ. ಟರ್ಬೊ ಕಾರಿನ ಇಸಿಯುವನ್ನು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರನ್ನು, ರೀಮ್ಯಾಪ್ ಮಾಡಿಸಿದವರಿಗೆ ಪೂರ್ತಿ ಆಕ್ಸಲರೇಟರ್ ಒತ್ತಿದಾಗ ಮಿಶ್ರಣ ಸೊರಗುವುದಿಲ್ಲ ಎಂಬ ಭರವಸೆ ಬೇಕು. ಹೊರಗಿನ ಸಿಎನ್‌ಜಿ ಕಿಟ್ ಹಾಕಿಸಿಕೊಂಡು ಟ್ಯೂನಿಂಗ್ ಸರಿಹೋಗದೆ ಒದ್ದಾಡುವವರು ಮೂರನೆಯವರು. ಬಿಡಿಭಾಗಗಳ ಪೇಟೆಯಾದ ನಾನಾ ಪೇಠೆಯಲ್ಲಿ ಬುಶ್, ಗ್ಯಾಸ್ಕೆಟ್, ಕ್ಲಾಂಪು ಸಿಗುತ್ತವೆ. ಮೀಟರುಗಳು ಮಾತ್ರ ಹೆಚ್ಚಾಗಿ ಹೊರದೇಶದ ಸರಕು. ಅದೇ ಊರಿನ ವೇತಾಳ ಗುಡ್ಡದ ಮೇಲೆ 1966ರಲ್ಲಿ ಸ್ಥಾಪನೆಯಾದ ಎಆರ್‌ಎಐ, ಅಂದರೆ ಭಾರತೀಯ ವಾಹನ ಸಂಶೋಧನಾ ಸಂಸ್ಥೆ, ಕೋಣೆ ತುಂಬುವ ಯಂತ್ರಗಳಿಂದ ಹೊಗೆಯನ್ನು ವಿಶ್ಲೇಷಿಸುತ್ತದೆ. ಗುಡ್ಡದ ಕೆಳಗಿನ ಗ್ಯಾರೇಜಿನಲ್ಲಿ ಅದರ ಒಂದಂಶದ ಕೆಲಸವನ್ನು ಹೆಬ್ಬೆರಳಿನಷ್ಟು ದಪ್ಪದ ಸೆನ್ಸರ್ ಮಾಡಬೇಕಾಗುತ್ತದೆ.

ಆ ಸೆನ್ಸರಿನ ಜೀವಾಳ ಜಿರ್ಕೋನಿಯಾ ಎಂಬ ಪಿಂಗಾಣಿ. ಚೆನ್ನಾಗಿ ಕಾದಾಗ ಅದು ಆಮ್ಲಜನಕದ ಅಯಾನುಗಳನ್ನು ತನ್ನ ಮೂಲಕ ಹರಿಯಬಿಡುತ್ತದೆ. ಒಂದು ಬದಿಯಲ್ಲಿ ಆಮ್ಲಜನಕ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಇದ್ದರೆ ಎರಡರ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಈ ಸಂಬಂಧದ ಸಮೀಕರಣ ಜರ್ಮನಿಯ ರಸಾಯನಶಾಸ್ತ್ರಜ್ಞ ವಾಲ್ಟರ್ ನೆರ್ನ್‌ಸ್ಟ್ ಅವರದು. ಬಾಷ್ ಕಂಪನಿ 1976ರಲ್ಲಿ ಕಾರಿಗೆ ಹೊಂದುವ ಲ್ಯಾಂಬ್ಡಾ ಸೆನ್ಸರನ್ನು ತಯಾರಿಸಿತು. ಮೊದಲು ಅದನ್ನು ಹೊತ್ತದ್ದು ವೋಲ್ವೊ ಕಾರು. ಆ ಹಳೆಯ ಬಗೆಗೆ ಈಗ ನ್ಯಾರೋಬ್ಯಾಂಡ್ ಎಂಬ ಹೆಸರು. ಅದು 0ಯಿಂದ 1 ವೋಲ್ಟಿನೊಳಗೆ ಮಾತಾಡುತ್ತದೆ. ಮಿಶ್ರಣ ಸರಿಸಮವಾದಾಗ, ಅಂದರೆ ಇಂಧನಕ್ಕೆ ಬೇಕಾದಷ್ಟೇ ಗಾಳಿ ಇದ್ದಾಗ, 0.45 ವೋಲ್ಟಿನ ಆಸುಪಾಸು, ಇಂಧನ ಸ್ವಲ್ಪ ಹೆಚ್ಚಾದರೆ ಒಮ್ಮೆಗೇ 0.8ರ ಮೇಲೆ, ಸ್ವಲ್ಪ ಕಡಿಮೆಯಾದರೆ 0.2ರ ಕೆಳಗೆ. ರಿಚ್ ಅಥವಾ ಲೀನ್ ಎಂದಷ್ಟೇ ಅದು ಹೇಳಬಲ್ಲದು. ಎಷ್ಟು ಎಂದು ಹೇಳಲಾರದು. ಅಗ್ಗದ ಬೆಲೆಗೆ ಸಿಗುವ, ಬಣ್ಣದ ದೀಪಗಳ ಸಾಲು ಅತ್ತಿತ್ತ ಓಡಾಡುವ ಮೀಟರುಗಳು ಹೆಚ್ಚಾಗಿ ಈ ಜಾತಿಯವು. ದೀಪ ಒಂದೇ ಕಡೆ ನಿಲ್ಲುತ್ತಿಲ್ಲ ಎಂದು ಅದನ್ನು ರಿಪೇರಿಗೆ ತರುವವರಿದ್ದಾರೆ. ಕಾರಿನ ಇಸಿಯು ಮಿಶ್ರಣವನ್ನು ಸೆಕೆಂಡಿಗೊಮ್ಮೆ ಎಂಬಂತೆ ಆಚೀಚೆ ತೂಗುತ್ತಲೇ ಇರುವುದರಿಂದ ದೀಪ ಓಡಾಡಲೇಬೇಕು, ಅದು ನಿಂತರೆ ಚಿಂತೆ ಮಾಡಬೇಕು.

ಎಷ್ಟು ಎಂದೂ ಹೇಳಬಲ್ಲ ವೈಡ್‌ಬ್ಯಾಂಡ್ ಸೆನ್ಸರಿನಲ್ಲಿ, ವೋಲ್ಟೇಜ್ ಹುಟ್ಟಿಸುವ ಇದೇ ಜಿರ್ಕೋನಿಯಾದ ನೆರ್ನ್‌ಸ್ಟ್ ಕೋಶದ ಜೊತೆಗೆ ಪಂಪ್ ಕೋಶವೊಂದು ಸೇರಿದೆ. ಪುಟ್ಟ ಕುಳಿಯೊಳಕ್ಕೆ ಬಂದ ಹೊಗೆ ಸದಾ ಸರಿಸಮವಾಗಿರುವಂತೆ ಈ ಪಂಪ್ ಆಮ್ಲಜನಕವನ್ನು ಹೊರಕ್ಕೆಳೆಯುತ್ತದೆ ಅಥವಾ ಒಳಕ್ಕೆ ನೂಕುತ್ತದೆ. ಅದಕ್ಕೆ ತಗಲುವ ವಿದ್ಯುತ್ತೇ ಅಳತೆ. ಮಿಶ್ರಣ ಸರಿಸಮವಿದ್ದಾಗ ಪಂಪಿಗೆ ಕೆಲಸವೇ ಇಲ್ಲ, ವಿದ್ಯುತ್ ಸೊನ್ನೆ. ಹೀಗಾಗಿ ಸೆನ್ಸರ್ ಮುಪ್ಪಾದರೂ, ಊರು 560 ಮೀಟರ್ ಎತ್ತರದಲ್ಲಿದ್ದರೂ ಸರಿಸಮ ಬಿಂದುವಿನ ಅಂಕಿ ಬಹುಮಟ್ಟಿಗೆ ನಿಲ್ಲುತ್ತದೆ. ದೋಷ ಕಾಣಿಸಿಕೊಳ್ಳುವುದು ಆ ಬಿಂದುವಿನಿಂದ ದೂರ ಹೋದಾಗ. ಇಡೀ ವ್ಯವಸ್ಥೆ ನಡೆಯಬೇಕಾದರೆ ಪಿಂಗಾಣಿ ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಈಗ ಬಹುತೇಕ ಮೀಟರುಗಳ ಜೊತೆ ಬರುವ ಬಾಷ್ ಎಲ್‌ಎಸ್‌ಯು 4.9ರ ಮಟ್ಟ ಅದು. ಹಿಂದಿನ 4.2ಕ್ಕೆ 750. ಹೊಗೆಯ ಬಿಸಿ ಇದಕ್ಕೆ ಸಾಲದು, ಸೆನ್ಸರಿನೊಳಗೇ ಹೀಟರ್ ಇದೆ. ಮೀಟರಿನ ಅರ್ಧ ಕಾಯಿಲೆಗಳು ಈ ಹೀಟರಿಗೆ ಸರಿಯಾದ ಕರೆಂಟ್ ಸಿಗದೆ ಬಂದವು.

ಆದ್ದರಿಂದ ತಪಾಸಣೆ ವೈರಿನಿಂದ ಶುರುವಾಗಬೇಕು. ಮೀಟರ್ ಹೊತ್ತಿಕೊಳ್ಳುವುದೇ ಇಲ್ಲ ಎಂದಾದರೆ ಫ್ಯೂಸ್, ಇಗ್ನಿಷನ್ ವೈರ್, ಅರ್ಥ್ ಈ ಮೂರನ್ನು ಮಲ್ಟಿಮೀಟರಿನಲ್ಲಿ ನೋಡಿದರೆ ಮುಗಿಯಿತು. ಹೆಡ್‌ಲೈಟ್ ಹಾಕಿದಾಗ ಅಂಕಿ ಕಾಣಿಸದಷ್ಟು ಮಂಕಾಗುತ್ತದೆ ಎಂಬ ದೂರಿಗೆ ಹೆಡ್‌ಲೈಟಿಗೆ ಸೇರಿಸಿದ ಡಿಮ್ಮರ್ ವೈರ್ ಕಾರಣ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೀಟರ್ ಒಮ್ಮೆ ಆರಿ ಮತ್ತೆ ಮೊದಲಿನಿಂದ ಎಣಿಕೆ ಶುರುಮಾಡಿದರೆ ಅದೂ ಮೀಟರಿನ ತಪ್ಪಲ್ಲ: ಸ್ಟಾರ್ಟರ್ ತಿರುಗುವಾಗ ಬ್ಯಾಟರಿ 10 ವೋಲ್ಟಿನ ಆಸುಪಾಸಿಗೆ ಇಳಿಯಬಹುದು, ಮುಪ್ಪಾದ ಬ್ಯಾಟರಿಯಾದರೆ ಇನ್ನೂ ಕೆಳಗೆ.

ಹೊತ್ತಿಕೊಂಡ ಮೀಟರ್ ಕೆಲ ನಿಮಿಷಗಳಲ್ಲಿ ಎರರ್ ಕೋಡ್ ತೋರಿಸಿದರೆ ಎಂಜಿನ್ ಓಡುತ್ತಿರುವಾಗ ಮೀಟರಿನ ಕೆಂಪು-ಕಪ್ಪು ವೈರುಗಳ ನಡುವಿನ ವೋಲ್ಟೇಜನ್ನೂ ಬ್ಯಾಟರಿ ಟರ್ಮಿನಲ್ಲುಗಳ ವೋಲ್ಟೇಜನ್ನೂ ಅಳೆದು ಹೋಲಿಸಬೇಕು. ಆಲ್ಟರ್ನೇಟರ್ ಕೊಡುವುದು 13.8ರಿಂದ 14.4. ಮೀಟರಿನ ಬಳಿ ಅರ್ಧ ವೋಲ್ಟ್ ಕಡಿಮೆ ಬಂದರೂ ಎಲ್ಲೋ ವೈರ್ ತೆಳುವಾಗಿದೆ, ಜೋಡಣೆ ಸಡಿಲವಾಗಿದೆ, ಇಲ್ಲವೇ ಮ್ಯೂಸಿಕ್ ಸಿಸ್ಟಮ್ಮಿನ ವೈರಿನಿಂದ ಕದ್ದ ಕರೆಂಟಿನಲ್ಲಿ ಮೀಟರ್ ಬದುಕುತ್ತಿದೆ. ಸೆನ್ಸರ್ ಕಾಯುವ ಹೊತ್ತಿನಲ್ಲಿ ಕೆಲವು ಆಂಪಿಯರ್ ಎಳೆಯುತ್ತದೆ; ಅದಕ್ಕೆ ಬ್ಯಾಟರಿಯಿಂದ ರಿಲೇ ಮತ್ತು ಫ್ಯೂಸ್ ಮೂಲಕ ಪ್ರತ್ಯೇಕ ವೈರ್ ಎಳೆಯುವುದೇ ಸರಿಯಾದ ಕ್ರಮ. ಅರ್ಥಿಂಗನ್ನು ಡ್ಯಾಶ್‌ಬೋರ್ಡಿನ ಹಿಂದೆ ಸಿಕ್ಕ ಪೇಂಟಿನ ಸ್ಕ್ರೂಗೆ ಸುತ್ತುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ವ್ಯಾಪಕ. ಬಣ್ಣ ಕೆರೆಯದೆ ಕೊಟ್ಟ ಅರ್ಥ್ ಅರ್ಥಿಂಗೇ ಅಲ್ಲ.

ಕೋಡುಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಹೇಳುವುದು ಹೆಚ್ಚಾಗಿ ಇವನ್ನೇ: ಹೀಟರಿನ ದಾರಿ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ, ಪಂಪ್ ಇಲ್ಲವೇ ನೆರ್ನ್‌ಸ್ಟ್ ಕೋಶದಿಂದ ಉತ್ತರವಿಲ್ಲ, ಸರಬರಾಜು ವೋಲ್ಟೇಜ್ ಸಾಲದು. ಎಲ್‌ಎಸ್‌ಯು 4.9ರಲ್ಲಿ ಬೂದು ಮತ್ತು ಬಿಳಿ ವೈರುಗಳು ಹೀಟರಿನವು. ಸೆನ್ಸರ್ ತಣ್ಣಗಿರುವಾಗ ಅವುಗಳ ನಡುವೆ ಸುಮಾರು 3 ಓಮ್ ಇರಬೇಕು. ಅನಂತ ಎಂದು ತೋರಿಸಿದರೆ ಹೀಟರ್ ಸುಟ್ಟಿದೆ. ಅದಕ್ಕೂ ಮುನ್ನ ಕನೆಕ್ಟರ್ ಬಿಚ್ಚಿ ನೋಡುವುದು ಒಳ್ಳೆಯದು. ಕಾರಿನಡಿ ನೇತಾಡುವ ಕನೆಕ್ಟರಿಗೆ ಜುಲೈ ತಿಂಗಳ ನೀರು ಹೊಕ್ಕು ಪಿನ್ನುಗಳು ಹಸಿರುಗಟ್ಟುತ್ತವೆ. ವೈರ್ ಸೈಲೆನ್ಸರಿಗೆ ತಾಗಿ ಕರಗಿದ್ದರೂ ಇದೇ ಕೋಡು. ಒಂದು ಎಚ್ಚರ: ವೈರ್ ಉದ್ದ ಸಾಲದೆಂದು ಸೆನ್ಸರಿನ ಕನೆಕ್ಟರನ್ನು ಕತ್ತರಿಸಿ ಬೇರೆ ಹಾಕಬಾರದು. ಪ್ರತಿ ಸೆನ್ಸರನ್ನೂ ಕಾರ್ಖಾನೆಯಲ್ಲಿ ಅಳೆದು, ಅದರ ಗುಣಕ್ಕೆ ತಕ್ಕ ಪುಟ್ಟ ರೆಸಿಸ್ಟರನ್ನು ಆ ಕನೆಕ್ಟರಿನೊಳಗೇ ಕೂರಿಸಿರುತ್ತಾರೆ. ಕತ್ತರಿಸಿ ಎಸೆದರೆ ಸೆನ್ಸರಿನ ಜಾತಕವನ್ನೇ ಎಸೆದ ಹಾಗೆ. ಉದ್ದ ಬೇಕಾದರೆ ಎರಡು ಕಡೆಯೂ ಕನೆಕ್ಟರ್ ಇರುವ ಕಂಪನಿಯ ಕೇಬಲ್ಲೇ ಬೇಕು.

ಸೆನ್ಸರ್ ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ಅದನ್ನು ಪೈಪಿನಿಂದ ಬಿಚ್ಚಿ ತೆರೆದ ಗಾಳಿಯಲ್ಲಿ ಹಿಡಿದು ಮೀಟರ್ ಚಾಲೂ ಮಾಡುವುದು ಸುಲಭದ ಪರೀಕ್ಷೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ 20.9 ಪ್ರತಿಶತ. ಮೀಟರ್ ತನ್ನ ಅತಿ ಲೀನ್ ತುದಿಯನ್ನೋ ಬರಿಯ ಗೆರೆಗಳನ್ನೋ ತೋರಿಸಬೇಕು. ಹಲವು ಮೀಟರುಗಳಲ್ಲಿ, ಅದರಲ್ಲೂ 4.2 ಸೆನ್ಸರಿನವುಗಳಲ್ಲಿ, ಇದೇ ಹೊತ್ತಿಗೆ ಕ್ಯಾಲಿಬ್ರೇಷನ್ನನ್ನೂ ಮಾಡಬೇಕಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಗಾಡಿ ಐಡಲ್ ಆಗುತ್ತಿರುವ, ಪೇಂಟಿನ ಥಿನ್ನರ್ ನಾರುವ ಗ್ಯಾರೇಜಿನೊಳಗೆ ಕ್ಯಾಲಿಬ್ರೇಷನ್ ಮಾಡಿದರೆ ಮುಂದಿನ ಎಲ್ಲ ಅಂಕಿಗಳೂ ಓರೆ. ಸೆನ್ಸರ್ ಕೆಂಪಗೆ ಕಾದಿರುತ್ತದೆ ಎಂಬುದು ನೆನಪಿರಲಿ.

ಪುಣೆಯಿಂದ ಹೊರಡುವ ಘಾಟಿಗಳಲ್ಲಿ ಸೆನ್ಸರ್ ಬಿಚ್ಚದೆಯೇ ಇದರ ಒರಟು ಪರೀಕ್ಷೆ ಮಾಡಬಹುದು. ಲೋಣಾವಳ ದಾಟಿ ಬೋರ್ ಘಾಟಿನಲ್ಲಿ ಖೋಪೋಲಿಯ ಕಡೆ ಗೇರಿನಲ್ಲೇ, ಆಕ್ಸಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಇಂಜೆಕ್ಷನ್ ಕಾರಿನ ಇಸಿಯು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಎಂಜಿನ್ ಆಗ ಬರಿಯ ಗಾಳಿಯನ್ನು ಎಳೆದು ಬಿಡುವ ಪಂಪ್. ಮೀಟರ್ ತುದಿ ಮುಟ್ಟಬೇಕು. ಬೆಳಗಾವಿಯ ಹಾದಿಯ ಖಂಬಾಟ್ಕಿ ಘಾಟಿಯ ಇಳಿಜಾರಿನಲ್ಲೂ ಇದೇ ಆಗುತ್ತದೆ. ಹೊಸದಾಗಿ ಮೀಟರ್ ಹಾಕಿಸಿಕೊಂಡವರು ಇದನ್ನು ಕಂಡು ಗಾಬರಿಯಾಗುವುದು ಸಾಮಾನ್ಯ. ಅಲ್ಲಿ ಗಾಬರಿಯಾಗಬೇಕಾದದ್ದು ಮೀಟರ್ ಸರಿಸಮದ ಅಂಕಿಯಾದ 14.7ರಲ್ಲೇ ಅಲುಗದೆ ಕೂತಿದ್ದರೆ.

ಇನ್ನು ತುಂಬ ಸತಾಯಿಸುವ ದೂರು: ಮೀಟರ್ ಯಾವಾಗಲೂ ಲೀನ್ ತೋರಿಸುತ್ತದೆ. ಇದಕ್ಕೆ ಕೂಡಲೇ ಜೆಟ್ ದೊಡ್ಡದು ಮಾಡುವುದು, ಮ್ಯಾಪಿನಲ್ಲಿ ಪೆಟ್ರೋಲ್ ಏರಿಸುವುದು ಕೆಟ್ಟ ವೈದ್ಯ. ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಪೈಪ್ ಸೋರುತ್ತಿದ್ದರೆ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಗಾಳಿ ಒಳಗೂ ಹೋಗುತ್ತದೆ. ಹೊಗೆ ಪೈಪಿನಲ್ಲಿ ಸಮವಾಗಿ ಹರಿಯುವುದಿಲ್ಲ. ಒಂದೊಂದು ಸಿಲಿಂಡರಿನ ಉಸಿರೂ ಒಂದು ಅಲೆ, ಅಲೆಯ ಹಿಂದೆ ಒತ್ತಡ ತಗ್ಗಿದ ಕ್ಷಣದಲ್ಲಿ ಸಂದಿನಿಂದ ಹೊರಗಾಳಿ ನುಗ್ಗುತ್ತದೆ. ಐಡಲಿನಲ್ಲಿ ಹೊಗೆ ಕಡಿಮೆ, ಆದ್ದರಿಂದ ಈ ಕಳ್ಳಗಾಳಿಯ ಪಾಲು ದೊಡ್ಡದು. ವೇಗ ಏರಿದಂತೆ ಪೈಪಿನೊಳಗಿನ ಒತ್ತಡ ಏರಿ, ನುಗ್ಗುವುದು ನಿಂತು, ಅಂಕಿ ತಾನಾಗಿ ಸರಿಯಾಗುತ್ತದೆ. ಈ ಒಂದು ಗುಣ ಹಿಡಿದರೆ ಸಾಕಷ್ಟು ಗೊಂದಲ ಬಗೆಹರಿಯುತ್ತದೆ. ಐಡಲಿನಲ್ಲಿ ಲೀನ್, ಭಾರ ಬಿದ್ದಾಗ ಸರಿ ಎಂದರೆ ಸೋರಿಕೆಯ ಮೇಲೆ ಅನುಮಾನ ಹೋಗಬೇಕು. ಐಡಲಿನಲ್ಲಿ ಸರಿ, ಕಾತ್ರಜ್ ಏರಿನಲ್ಲಿ ಲೀನ್ ಎಂದರೆ ಅದು ನಿಜವಾದ ಲೀನ್: ಪೆಟ್ರೋಲ್ ಪಂಪ್ ಸೋತಿದೆ, ಫಿಲ್ಟರ್ ಕಟ್ಟಿದೆ ಅಥವಾ ಇಂಜೆಕ್ಟರ್ ಸಣ್ಣದಾಗಿದೆ. ಮೀಟರ್ ಹಾಕಿಸಿದ್ದೇ ಈ ಎರಡನೆಯದನ್ನು ಹಿಡಿಯಲು. ಅಂಥ ಹೊತ್ತಿನಲ್ಲಿ ಕಾಲು ಎತ್ತದಿದ್ದರೆ ಪಿಸ್ಟನ್ ಉಳಿಯುವುದು ಅನುಮಾನ.

ಸೋರಿಕೆ ಪುಣೆಯ ಕಾರುಗಳಿಗೆ ಅಪರೂಪದ್ದಲ್ಲ. ಹೆಜ್ಜೆಗೊಂದು ಹಂಪ್ ಇರುವ ಊರಿನಲ್ಲಿ ಸೈಲೆನ್ಸರ್ ನೆಲಕ್ಕೆ ಬಡಿದು ಫ್ಲೆಕ್ಸ್ ಪೈಪ್ ಬಿರಿಯುತ್ತದೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹಾರುತ್ತದೆ. ಜೊತೆಗೆ ಸೆನ್ಸರ್ ಕೂರಿಸಲು ಹೊಸದಾಗಿ ವೆಲ್ಡ್ ಮಾಡಿದ ಬಂಗ್ ಒಂದಿದೆ, ಅದರ ಸುತ್ತಲಿನ ಸೂಜಿರಂಧ್ರವನ್ನು ಮರೆಯುವಂತಿಲ್ಲ. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಟೇಲ್‌ಪೈಪಿಗೆ ದಪ್ಪ ಬಟ್ಟೆಯನ್ನು ಒಂದೆರಡು ಕ್ಷಣ ಒತ್ತಿ ಹಿಡಿದರೆ ಸೋರುವ ಜಾಗ ಬುಸುಗುಡುತ್ತದೆ. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಇಂಟೇಕ್ ಬದಿಯ ವ್ಯಾಕ್ಯೂಮ್ ಪೈಪ್ ಬಿರಿದಿದ್ದರೂ ಐಡಲಿನಲ್ಲಿ ಲೀನ್ ಬರುತ್ತದೆ, ಆದರೆ ಆಗ ಎಂಜಿನ್ ನಡುಗುತ್ತದೆ, ಐಡಲ್ ಏರಿರುತ್ತದೆ. ಸೈಲೆನ್ಸರ್ ಸೋರಿಕೆಯಲ್ಲಿ ಎಂಜಿನ್ ನಡುಗದೆ ಓಡುತ್ತಲೇ ಇರುತ್ತದೆ, ದೂರುವುದು ಮೀಟರ್ ಮಾತ್ರ.

ಮಿಸ್ಸಿಂಗ್ ಇನ್ನೂ ಮೋಸದ್ದು. ನಾಲ್ಕು ಸಿಲಿಂಡರಿನಲ್ಲಿ ಒಂದರ ಪ್ಲಗ್ ಕಿಡಿ ಕೊಡದಿದ್ದರೆ ಆ ಸಿಲಿಂಡರಿನ ಗಾಳಿಯಷ್ಟೂ ಉರಿಯದೆ ಸೆನ್ಸರಿಗೆ ಬರುತ್ತದೆ. ಪೆಟ್ರೋಲೂ ಬರುತ್ತದೆ, ಆದರೆ ಸೆನ್ಸರಿಗೆ ಹೆಚ್ಚು ಕಾಣುವುದು ಆಮ್ಲಜನಕ. ಪ್ಲಗ್ಗಿನ ಕೊರತೆಯನ್ನು ಮೀಟರ್ ಲೀನ್ ಎಂದು ಬರೆಯುತ್ತದೆ. ಅದನ್ನು ನಂಬಿ ಪೆಟ್ರೋಲ್ ಏರಿಸಿದರೆ ಪ್ಲಗ್ ಮತ್ತೂ ಒದ್ದೆಯಾಗಿ, ಮೀಟರ್ ಮತ್ತೂ ಲೀನ್ ತೋರಿಸುತ್ತದೆ. ಪೆಟ್ರೋಲ್ ಹೆಚ್ಚಿಸಿದಷ್ಟೂ ಅಂಕಿ ಲೀನ್ ಕಡೆಗೇ ಓಡಿದರೆ ಪ್ಲಗ್, ಕಾಯಿಲ್, ವೈರುಗಳ ಕಡೆ ತಿರುಗುವುದು ಜಾಣತನ.

ಮೀಟರಿನ ಮುಖದ ಅಂಕಿ ಒಂದು, ಅದರಿಂದ ವೈರ್ ಎಳೆದ ಲಾಗರ್ ಅಥವಾ ಇಸಿಯು ಕಾಣುವ ಅಂಕಿ ಇನ್ನೊಂದು ಎಂಬ ತಕರಾರು ಟ್ಯೂನಿಂಗ್ ಮಾಡುವವರದು. ಮೀಟರ್ ತನ್ನ ಅಂಕಿಯನ್ನು ವೋಲ್ಟೇಜ್ ಆಗಿ ಹೊರಗೆ ಕಳಿಸುತ್ತದೆ. ಎಇಎಂ ಕಂಪನಿಯ ಎಕ್ಸ್ ಸರಣಿಯ ಮೀಟರಿನಲ್ಲಿ 0.5 ವೋಲ್ಟ್ ಎಂದರೆ 8.5, 4.5 ವೋಲ್ಟ್ ಎಂದರೆ 18. ಇನೋವೇಟ್ ಕಂಪನಿಯ ಲೆಕ್ಕದಲ್ಲಿ 0 ವೋಲ್ಟ್ 7.35, 5 ವೋಲ್ಟ್ 22.39. ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ಹಾಕಿದರೆ ಅಂಕಿಗಳು ಸೇರುವುದೇ ಇಲ್ಲ. ಪಟ್ಟಿ ಸರಿಯಿದ್ದೂ ವ್ಯತ್ಯಾಸ ಒಂದೇ ಪ್ರಮಾಣದಲ್ಲಿ ಉಳಿದರೆ ಮೀಟರಿನ ಅರ್ಥಿಗೂ ಇಸಿಯುವಿನ ಅರ್ಥಿಗೂ ನಡುವೆ ವೋಲ್ಟೇಜ್ ಇದೆ ಎಂದರ್ಥ. ಎಇಎಂ ಲೆಕ್ಕದಲ್ಲಿ ಹತ್ತನೇ ಒಂದು ವೋಲ್ಟಿನ ಅಂತರ ಅಂಕಿಯನ್ನು ಸುಮಾರು 0.24 ಸರಿಸುತ್ತದೆ. ಟರ್ಬೊ ಎಂಜಿನ್ನಿಗೆ ಇದು ಸಣ್ಣದಲ್ಲ. ಎರಡೂ ಅರ್ಥುಗಳನ್ನು ಒಂದೇ ಜಾಗಕ್ಕೆ ತಂದರೆ ವ್ಯತ್ಯಾಸ ಮಾಯವಾಗುತ್ತದೆ. ಅಂಕಿ ಎಂಜಿನ್ ವೇಗಕ್ಕೆ ತಕ್ಕಂತೆ ಕುಣಿದರೆ ಆ ವೈರ್ ಇಗ್ನಿಷನ್ ಕಾಯಿಲಿನ ಪಕ್ಕದಲ್ಲೇ ಹಾದುಹೋಗಿರಬಹುದು.

ಮೀಟರ್ ಸರಿಯಿದ್ದು ಓದುವವರು ತಪ್ಪುವ ಸಂದರ್ಭಗಳು ಈಚೆಗೆ ಹೆಚ್ಚಿವೆ, ಕಾರಣ ಪೆಟ್ರೋಲೇ ಬದಲಾಗಿದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಇಪ್ಪತ್ತು ಪ್ರತಿಶತ ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಸರಿಸಮ ಅನುಪಾತ ಸುಮಾರು 13.5, ಇ10ಕ್ಕೆ ಸುಮಾರು 14.1. ಇ20 ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಆದರೆ ಸೆನ್ಸರಿಗೆ ಇಂಧನದ ಹೆಸರು ಗೊತ್ತಾಗುವುದಿಲ್ಲ. ಅದು ಅಳೆಯುವುದು ಲ್ಯಾಂಬ್ಡಾ: ಬೇಕಾದ ಗಾಳಿಗೆ ಹೋಲಿಸಿದರೆ ಸಿಕ್ಕ ಗಾಳಿ ಎಷ್ಟು ಪಟ್ಟು ಎಂಬುದು. ಸರಿಸಮ ಎಂದರೆ ಯಾವ ಇಂಧನಕ್ಕೂ 1. ಮೀಟರ್ ಆ 1ನ್ನು 14.7ರಿಂದ ಗುಣಿಸಿ ಮುಖಕ್ಕೆ ಬರೆಯುತ್ತದೆ, ಟ್ಯಾಂಕಿನಲ್ಲಿ ಇ20 ಇದ್ದರೂ. ಸೆಟಿಂಗ್ ಬದಲಿಸಿದ ಇನ್ನೊಬ್ಬರ ಮೀಟರ್ ಅದೇ ಮಿಶ್ರಣಕ್ಕೆ 13.5 ಎನ್ನುತ್ತದೆ. ಇಬ್ಬರೂ ಅಂಕಿ ಹೋಲಿಸಿ ಒಬ್ಬರ ಕಾರು ರಿಚ್ ಎಂದು ತೀರ್ಮಾನಿಸುವುದು ನಡೆಯುತ್ತಲೇ ಇದೆ. ಮೀಟರನ್ನು ಲ್ಯಾಂಬ್ಡಾ ಕ್ರಮಕ್ಕೆ ತಿರುಗಿಸಿಟ್ಟರೆ ಈ ಜಗಳವೇ ಇಲ್ಲ. ಸಿಎನ್‌ಜಿಯಲ್ಲಿ ಓಡುವ ಕಾರಿಗಂತೂ ಅದೇ ದಾರಿ. ಮೀಥೇನಿನ ಸರಿಸಮ ಅನುಪಾತ ಸುಮಾರು 17.2 ಇದ್ದರೂ ಪೆಟ್ರೋಲ್ ಸೆಟಿಂಗಿನ ಮೀಟರ್ 14.7 ಎಂದೇ ತೋರಿಸುತ್ತದೆ, ಅದು ಸರಿಯೇ.

ಕಾರ್ಬುರೇಟರಿನ ಕಾರಿನಲ್ಲಿ ಕತೆ ಬೇರೆ. ಅದಕ್ಕೆ ಇಸಿಯು ಇಲ್ಲ, ತಿದ್ದುವವರಿಲ್ಲ. ಹಳೆಯ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲೇ ಇ20 ಹರಿದರೆ ಮಿಶ್ರಣ ಸುಮಾರು 7-8 ಪ್ರತಿಶತ ಲೀನ್ ಆಗುತ್ತದೆ, 14.7 ಇದ್ದ ಜಾಗದಲ್ಲಿ ಮೀಟರ್ 15.8ರ ಹತ್ತಿರ ತೋರಿಸುತ್ತದೆ. ಪಿಕಪ್ ಕುಗ್ಗಿದೆ, ಮೀಟರ್ ಕೆಟ್ಟಿದೆ ಎಂದು ಎರಡು ದೂರು ಒಟ್ಟಿಗೆ ಬಂದರೆ ಮೊದಲನೆಯದು ಎರಡನೆಯದಕ್ಕೆ ಉತ್ತರ. ಇಲ್ಲಿ ಜೆಟ್ ಬದಲಿಸುವುದೇ ಮದ್ದು. ಅದೇ ಕಾರು ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರಕ್ಕೆ ಏರಿದರೆ ಗಾಳಿ ತೆಳುವಾಗಿ ಮಿಶ್ರಣ ರಿಚ್ ಕಡೆಗೆ ಜಾರುತ್ತದೆ. ಒಂದೇ ದಿನ ಎರಡು ಊರಲ್ಲಿ ಎರಡು ಅಂಕಿ ಬಂದರೂ ಮೀಟರ್ ನಿರಪರಾಧಿ.

ಸಂದೇಹ ಉಳಿದರೆ ಎರಡನೆಯ ಸಾಕ್ಷಿ ಕೇಳಬಹುದು. ಇಂಜೆಕ್ಷನ್ ಕಾರಿನ ಒಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದರೆ ಇಸಿಯು ಎಷ್ಟು ಪೆಟ್ರೋಲ್ ಏರಿಸಿ-ಇಳಿಸಿ ಹೊಂದಿಸುತ್ತಿದೆ ಎಂಬ ಫ್ಯುಯೆಲ್ ಟ್ರಿಮ್ ಕಾಣುತ್ತದೆ. ಟ್ರಿಮ್ ಸೊನ್ನೆಯ ಆಸುಪಾಸಿನಲ್ಲಿದ್ದು ಹೊರಗಿನ ಮೀಟರ್ ಮಾತ್ರ ಲೀನ್ ಎಂದರೆ ಕಾರಿನ ಸೆನ್ಸರಿಗೂ ಹೊಸ ಸೆನ್ಸರಿಗೂ ನಡುವೆ ಸೋರಿಕೆ ಇರಬಹುದು. ಟ್ರಿಮ್ ಹತ್ತು-ಹದಿನೈದು ಪ್ರತಿಶತ ಏರಿದ್ದು ಮೀಟರ್ 1ನ್ನೇ ತೋರಿಸಿದರೆ ತೊಂದರೆ ಎರಡು ಸೆನ್ಸರಿಗೂ ಮುಂಚೆ ಇದೆ. ಇಸಿಯು ಅದನ್ನು ಮುಚ್ಚಿಹಾಕುತ್ತಿದೆ. ಇನ್ನೊಂದು ಸಾಕ್ಷಿ ಪಿಯುಸಿ ಕೇಂದ್ರದಲ್ಲಿದೆ. ಬಿಎಸ್-4 ಮತ್ತು ಆನಂತರದ ಪೆಟ್ರೋಲ್ ಕಾರುಗಳಿಗೆ ಸುಮಾರು 2,500 ಆರ್‌ಪಿಎಮ್ಮಿನಲ್ಲಿ ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇರಬೇಕೆಂಬುದು ನಿಯಮ. ನಾಲ್ಕು ಅನಿಲಗಳನ್ನು ಅಳೆದು ಲೆಕ್ಕ ಹಾಕಿದ ಆ ಅಂಕಿ ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ. ಅದೇ ವೇಗದಲ್ಲಿ ಡ್ಯಾಶ್‌ಬೋರ್ಡಿನ ಅಂಕಿ ಎಷ್ಟಿತ್ತೆಂದು ಗುರುತು ಹಾಕಿಕೊಂಡರೆ ಹೋಲಿಕೆಗೆ ಬೇರೆ ಖರ್ಚಿಲ್ಲ. ಚೀಟಿ ತೆಗೆದುಕೊಂಡು ಕಿಸೆಗೆ ತುರುಕುವವರೇ ಹೆಚ್ಚು.

ಎಲ್ಲ ನೋಡಿಯೂ ಸೆನ್ಸರ್ ಮೇಲಿಂದ ಮೇಲೆ ಸಾಯುತ್ತಿದ್ದರೆ ಮೊದಲು ಕೂರಿಸಿದ ಜಾಗವನ್ನು ನೋಡಬೇಕು. ಸೆನ್ಸರ್ ಅಡ್ಡ ಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ಎದ್ದಿರಬೇಕು. ಪೈಪಿನ ಕೆಳಬದಿಯಲ್ಲಿದ್ದರೆ ಹೊಗೆಯ ನೀರು ಕಾದ ಪಿಂಗಾಣಿಯ ಮೇಲೆ ಕೂತು ಅದು ಒಡೆಯುತ್ತದೆ. ಟರ್ಬೊ ಇದ್ದರೆ ಅದರ ನಂತರ, ಕ್ಯಾಟಲಿಟಿಕ್ ಕನ್ವರ್ಟರಿಗೆ ಮುಂಚೆ. ಮ್ಯಾನಿಫೋಲ್ಡಿಗೆ ತೀರ ಹತ್ತಿರವಾದರೆ ಬಿಸಿ ಮೀರುತ್ತದೆ, ಎಲ್‌ಎಸ್‌ಯು 4.9 ತಡೆಯುವ ಹೊಗೆಯ ಬಿಸಿ 930 ಡಿಗ್ರಿ. ಗ್ಯಾಸ್ಕೆಟಿಗೆ ಹಚ್ಚುವ ಮಾಮೂಲಿ ಸಿಲಿಕಾನ್ ಅಂಟಿನ ಆವಿ, ಎಣ್ಣೆ ಕುಡಿಯುವ ಎಂಜಿನ್ನಿನ ಬೂದಿ ಎರಡೂ ಸೆನ್ಸರಿಗೆ ವಿಷ. ಮೀಟರ್ ಕೆಟ್ಟಿತೆಂದು ಫ್ಯೂಸ್ ತೆಗೆದು, ಸೆನ್ಸರನ್ನು ಪೈಪಿನಲ್ಲೇ ಬಿಟ್ಟು ಓಡಿಸುವುದು ಇವೆಲ್ಲಕ್ಕಿಂತ ಬೇಗ ಅದನ್ನು ಕೊಲ್ಲುತ್ತದೆ. ಹೀಟರ್ ಇಲ್ಲದ ತಣ್ಣನೆಯ ಪಿಂಗಾಣಿಯ ಮೇಲೆ ಮಸಿ ಕೂರುತ್ತದೆ. ಮೀಟರ್ ರಿಪೇರಿಯಲ್ಲಿರುವಷ್ಟು ದಿನ ಸೆನ್ಸರನ್ನು ಬಿಚ್ಚಿ ಒಳಗಿಟ್ಟು, ಬಂಗಿಗೆ 18 ಮಿಲಿಮೀಟರ್ ವ್ಯಾಸದ, 1.5 ಪಿಚ್ಚಿನ ಬೋಲ್ಟ್ ಪ್ಲಗ್ ಹಾಕಿ ಬಿಗಿಯಬೇಕು.